ಗಿಡವಿಲ್ಲದ ಖಾರ

ಚಪ್ಪಲಿ ಹೊರಗೇ ಬಿಡಿ. ಒಳಗಿನ ಸ್ಲಿಪ್ಪರ್ ಮೆಟ್ಟಿಕೊಂಡು, ಬಿಳಿ ಕೋಟಿನ ಗುಂಡಿಗಳನ್ನು ಕೊರಳತನಕ ಹಾಕಿ, ಮೊಣಕೈವರೆಗೆ ಸೋಪು ಹಚ್ಚಿ ಕೈ ತೊಳೆಯಿರಿ. ಮೊದಲ ಬಾಗಿಲು ಪೂರ್ತಿ ಮುಚ್ಚಿದ ಮೇಲೆಯೇ ಎರಡನೆಯದನ್ನು ತಳ್ಳಬೇಕು. ಇದು ಮೈಸೂರಿನ ಒಂದು ಸಸ್ಯ ಅಂಗಾಂಶ ಕೃಷಿ ಪ್ರಯೋಗಾಲಯ. ಹೊರಗೆ ಏಪ್ರಿಲ್ ಬಿಸಿಲು ರಣಗುಟ್ಟುತ್ತಿದೆ. ಒಳಗೆ ಹಗಲೂ ರಾತ್ರಿ 25 ಡಿಗ್ರಿ. ಮೂಗಿಗೆ ಮೊದಲು ತಾಗುವುದು ಸ್ಪಿರಿಟ್ಟಿನ ವಾಸನೆ, ಆಮೇಲೆ ಕಾದ ಸಕ್ಕರೆನೀರಿನ ತೆಳು ಸಿಹಿ. ಮೆಣಸಿನಕಾಯಿಯ ಘಾಟು ಎಲ್ಲೂ ಇಲ್ಲ. ಆದರೂ ನೀವು ಬಂದಿರುವುದು ಖಾರ ಹುಟ್ಟುವುದನ್ನು ನೋಡಲಿಕ್ಕೇ.

"ಒಳಗೆ ಮಾತು ಸ್ವಲ್ಪ ಕಡಿಮೆ ಮಾಡೋಣ. ಅರ್ಧ ಕಂಟಾಮಿನೇಷನ್ ಬಾಯಿಂದ್ಲೇ ಬರೋದು" ಎನ್ನುತ್ತಾ ಸಂಶೋಧಕಿ ನಿಮಗೊಂದು ಮಾಸ್ಕ್ ಕೊಡುತ್ತಾರೆ. ಈ ಎಚ್ಚರಕ್ಕೆ ಕಾರಣ ಒಂದು ಲೆಕ್ಕದಲ್ಲಿದೆ. ಒಳ್ಳೆಯ ಆಹಾರ ಸಿಕ್ಕರೆ ಬ್ಯಾಕ್ಟೀರಿಯಾ ಸುಮಾರು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತದೆ. ಗಿಡದ ಜೀವಕೋಶಗಳು ಇಮ್ಮಡಿಯಾಗಲು ಎರಡು ಮೂರು ದಿನ ಬೇಕು. ಒಂದೇ ಒಂದು ಬ್ಯಾಕ್ಟೀರಿಯಾ ಫ್ಲಾಸ್ಕಿನೊಳಗೆ ಇಳಿದರೂ ಮರುದಿನ ಬೆಳಗ್ಗೆ ತಿಳಿದ್ರವ ಹಾಲಿನಂತೆ ಕದಡಿರುತ್ತದೆ, ತಿಂಗಳುಗಳ ಕೆಲಸ ಸಿಂಕಿಗೆ ಸೇರುತ್ತದೆ. ಈ ಕೋಣೆಯ ಶಿಸ್ತೆಲ್ಲ ನಿಧಾನವಾಗಿ ಬೆಳೆಯುವ ಜೀವವೊಂದನ್ನು ಅವಸರದ ಜೀವಗಳಿಂದ ಕಾಯುವ ಶಿಸ್ತು.

ಮೊದಲು ಮೀಡಿಯಾ ಕೋಣೆ. ಮಣ್ಣಿಲ್ಲದ ಕೋಶಕ್ಕೆ ಅನ್ನ ತಯಾರಾಗುವುದು ಇಲ್ಲೇ. ತಕ್ಕಡಿಯ ಮೇಲೆ ಕಾಗದದ ಚೂರು, ಅದರ ಮೇಲೆ ಬಿಳಿ ಹರಳು. ಪೊಟ್ಯಾಸಿಯಂ ನೈಟ್ರೇಟ್, ಅಮೋನಿಯಂ ನೈಟ್ರೇಟ್, ಮೆಗ್ನೀಸಿಯಂ ಸಲ್ಫೇಟ್, ಕಬ್ಬಿಣ, ಸತು, ಬೋರಾನ್, ಕೆಲವು ವಿಟಮಿನ್. 1962ರಲ್ಲಿ ತೋಶಿಯೋ ಮುರಾಶಿಗೆ ಮತ್ತು ಫೋಕ್ ಸ್ಕೂಗ್ ತಂಬಾಕಿನ ಅಂಗಾಂಶವನ್ನಿಟ್ಟುಕೊಂಡು ಕಂಡುಹಿಡಿದ ಅಳತೆಪಟ್ಟಿ ಇದು. ಅವರ ಹೆಸರಿನ ಮೊದಲಕ್ಷರಗಳಿಂದ ಜಗತ್ತಿನ ಎಲ್ಲ ಲ್ಯಾಬುಗಳಲ್ಲೂ ಇದು 'ಎಂಎಸ್ ಮೀಡಿಯಾ'. ಲೀಟರಿಗೆ 30 ಗ್ರಾಂ ಸಕ್ಕರೆ ಬೀಳುವುದನ್ನು ಗಮನಿಸಿ. ಗಿಡ ಬಿಸಿಲಿನಿಂದ ಸಕ್ಕರೆ ಮಾಡಿಕೊಳ್ಳುತ್ತದೆ. ಎಲೆಯಿಲ್ಲದ ಕೋಶಕ್ಕೆ ಅದನ್ನು ನಾವೇ ಬಡಿಸಬೇಕು. ಹುಳಿಯ ಅಳತೆಯಾದ ಪಿಎಚ್ 5.8ಕ್ಕೆ ನಿಲ್ಲುವವರೆಗೆ ಹನಿಹನಿಯಾಗಿ ಕ್ಷಾರ ಬಿಟ್ಟು, ಹತ್ತಿಯ ಬಿರಟೆ ಬಿಗಿದು, ಫ್ಲಾಸ್ಕುಗಳನ್ನು ಆಟೋಕ್ಲೇವಿಗೆ ಇಳಿಸುತ್ತಾರೆ. ಇದು ಮನೆಯ ಪ್ರೆಶರ್ ಕುಕ್ಕರಿನ ದೊಡ್ಡಣ್ಣ: 121 ಡಿಗ್ರಿ, ಒತ್ತಡದ ಹಬೆ, ಹದಿನೈದಿಪ್ಪತ್ತು ನಿಮಿಷ.

ಈಗ ಲ್ಯಾಮಿನಾರ್ ಫ್ಲೋ ಮುಂದೆ ಕೂತುಕೊಳ್ಳಿ. ಹಿಂಬದಿಯ ಫಿಲ್ಟರಿನಿಂದ ಸೋಸಿ ಬಂದ ಗಾಳಿ ನಿಮ್ಮ ಮುಖಕ್ಕೆ ಸಮನಾಗಿ ಬೀಸುತ್ತಿದೆ. ಹೊರಗಿನ ಧೂಳು ಒಳಗೆ ನುಗ್ಗದಂತೆ ತಡೆಯುವುದು ಈ ಗಾಳಿಯೇ. ಸಂಶೋಧಕಿ ಚಿಮ್ಮಟವನ್ನು ಸ್ಪಿರಿಟಿನಲ್ಲಿ ಅದ್ದಿ ದೀಪದ ಉರಿಗೆ ಹಿಡಿಯುತ್ತಾರೆ. ಭಗ್ ಎಂದು ಹೊತ್ತಿ ಆರುತ್ತದೆ. ಟೆಸ್ಟ್ ಟ್ಯೂಬಿನೊಳಗೆ ಸೂಜಿ ಮೆಣಸಿನ ಎಳೆ ಸಸಿ ನಿಂತಿದೆ. ಮಲೆನಾಡಿನ ಹಿತ್ತಿಲುಗಳಲ್ಲಿ ಹಕ್ಕಿ ಹಿಕ್ಕೆಯಿಂದ ತಾನೇ ಹುಟ್ಟುವ, ಕೆಲವೆಡೆ ಜೀರಿಗೆ ಮೆಣಸು ಎಂದು ಕರೆಯುವ ಅದೇ ಪುಟ್ಟ ಮೆಣಸು. ಇದರ ಬೀಜವನ್ನು ರಾಸಾಯನಿಕದಲ್ಲಿ ತೊಳೆದು ಸೋಂಕು ತೆಗೆದು, ಗಾಜಿನೊಳಗೇ ಮೊಳಕೆ ಬರಿಸಿದ್ದಾರೆ. ಬೇರಿಗೂ ಬೀಜದೆಲೆಗೂ ನಡುವಿನ ಎಳೆ ಕಾಂಡವನ್ನು ಬ್ಲೇಡಿನಿಂದ ಕಾಲು ಅಂಗುಲಕ್ಕಿಂತ ಚಿಕ್ಕ ತುಂಡುಗಳಾಗಿ ಕೊಯ್ದು, ಅಗರ್ ಹಾಕಿ ಗಟ್ಟಿ ಮಾಡಿದ ಮೀಡಿಯಾದ ಮೇಲೆ ಒಂದೊಂದಾಗಿ ಮಲಗಿಸುತ್ತಾರೆ.

ಆ ಮೀಡಿಯಾದಲ್ಲಿ ಎರಡು ಹಾರ್ಮೋನುಗಳಿವೆ, ಲೀಟರಿಗೆ ಒಂದೆರಡು ಮಿಲಿಗ್ರಾಮಿನ ಆಸುಪಾಸು. ಒಂದು ಆಕ್ಸಿನ್ ಗುಂಪಿನದು, ಇನ್ನೊಂದು ಸೈಟೋಕೈನಿನ್ ಗುಂಪಿನದು. ಇವೆರಡರ ತೂಕ ಹೇಗೆ ವಾಲುತ್ತದೋ ಅಂಗಾಂಶದ ದಾರಿ ಹಾಗೆ ಎಂದು ಸ್ಕೂಗ್ ಮತ್ತು ಮಿಲ್ಲರ್ 1957ರಲ್ಲೇ ತೋರಿಸಿದರು. ಆಕ್ಸಿನ್ ಜಾಸ್ತಿಯಾದರೆ ಬೇರು, ಸೈಟೋಕೈನಿನ್ ಜಾಸ್ತಿಯಾದರೆ ಚಿಗುರು, ನಡುವಿನ ಹದದಲ್ಲಿ ಬೇರೂ ಅಲ್ಲದ ಚಿಗುರೂ ಅಲ್ಲದ ಒಂದು ಗಡ್ಡೆ. ಅದೇ ಕ್ಯಾಲಸ್. ಮೂರು ನಾಲ್ಕು ವಾರ ಕಳೆದ ಪೆಟ್ರಿ ಡಿಶ್ ಒಂದನ್ನು ಬೆಳಕಿಗೆ ಹಿಡಿಯಿರಿ. ಕೊಯ್ದ ಕಾಂಡ ಕಾಣಿಸುವುದೇ ಇಲ್ಲ. ಅದರ ಜಾಗದಲ್ಲಿ ಮಾಸಲು ಹಳದಿಯ, ಮುಟ್ಟಿದರೆ ಉದುರುವ ಒಂದು ಮುದ್ದೆ ಉಬ್ಬಿಕೊಂಡಿದೆ. ಎಲೆಯಾಗಬೇಕು, ಕಾಂಡವಾಗಬೇಕು ಎಂಬ ಹಿಂದಿನ ಅಪ್ಪಣೆಗಳನ್ನೆಲ್ಲ ಬದಿಗಿಟ್ಟು ಕೋಶಗಳು ಬರೀ ಒಡೆಯುತ್ತಾ ಹೋಗಿವೆ. ಗಿಡದ ಪ್ರತಿ ಕೋಶವನ್ನೂ ಬಿಡಿಬಿಡಿಯಾಗಿ ಸಾಕಬಹುದು, ಅದರೊಳಗೆ ಇಡೀ ಗಿಡವಾಗುವ ಶಕ್ತಿಯಿದೆ ಎಂದು ಗಾಟ್ಲೀಬ್ ಹಾಬರ್‌ಲಾಂಟ್ 1902ರಲ್ಲಿ ಬರೆದಾಗ ಅವರ ಕೋಶಗಳು ಒಂದೂ ಒಡೆಯಲಿಲ್ಲ. ಕ್ಯಾಲಸನ್ನು ಎಡೆಬಿಡದೆ ಸಾಕುವುದು 1939ರ ಹೊತ್ತಿಗೆ ಕೈಗೂಡಿತು. ನಿಮ್ಮ ಕೈಯಲ್ಲಿರುವ ಮುದ್ದೆ ಆ ಹಳೆಯ ನಂಬಿಕೆಯ ಫಲ.

ಇದರಲ್ಲಿ ಖಾರ ಎಷ್ಟಿದೆ? ಇಲ್ಲವೆನ್ನುವಷ್ಟು ಕಡಿಮೆ. ಹಣ್ಣಿನೊಳಗೂ ಖಾರ ಎಲ್ಲ ಕಡೆ ಹುಟ್ಟುವುದಿಲ್ಲ. ಮೆಣಸಿನಕಾಯಿಯನ್ನು ಉದ್ದಕ್ಕೆ ಸೀಳಿದರೆ ಬೀಜಗಳು ಅಂಟಿಕೊಂಡಿರುವ ಬಿಳಿ ದಿಂಡು ಕಾಣುತ್ತದಲ್ಲ, ಕ್ಯಾಪ್ಸೈಸಿನ್ ಎಂಬ ಖಾರದ ಅಣು ತಯಾರಾಗುವುದು ಅಲ್ಲಿ. ಈ ಕ್ಯಾಲಸ್ಸಿಗೆ ದಿಂಡೂ ಇಲ್ಲ, ಬೀಜವೂ ಇಲ್ಲ. ಖಾರ ಮಾಡುವ ವಿದ್ಯೆ ಅದರ ವಂಶವಾಹಿಗಳಲ್ಲಿ ಬರೆದಿದೆ, ಆದರೆ ಆ ಪುಟ ಮುಚ್ಚಿಕೊಂಡಿದೆ. ಅದನ್ನು ತೆರೆಸುವುದೇ ಇಲ್ಲಿನ ಕೆಲಸ.

ಶೇಕರ್ ಕೋಣೆಗೆ ಬನ್ನಿ. ಉದ್ದನೆಯ ಮೇಜಿನ ಮೇಲೆ ಸಾಲುಸಾಲು ಫ್ಲಾಸ್ಕುಗಳು ನಿಮಿಷಕ್ಕೆ ನೂರರ ಆಸುಪಾಸು ಸುತ್ತುತ್ತಿವೆ. ಉದುರುದುರಾದ ಕ್ಯಾಲಸನ್ನು ಅಗರ್ ಇಲ್ಲದ ದ್ರವಕ್ಕೆ ಹಾಕಿ ತಿರುಗಿಸಿದರೆ ಕೋಶಗಳು ಸಣ್ಣ ಸಣ್ಣ ಗುಂಪುಗಳಾಗಿ ಬಿಡಿಸಿಕೊಂಡು ತೇಲುತ್ತವೆ. ತೇಲಿದ್ದರೆ ಗಾಳಿ ಸಿಗುತ್ತದೆ, ಗಾಳಿ ಸಿಕ್ಕರೆ ಬದುಕು. ಜೋರಾಗಿ ಕಲಕಿದರೂ ಕಷ್ಟ. ಬ್ಯಾಕ್ಟೀರಿಯಾಕ್ಕಿಂತ ಹತ್ತಾರು ಪಟ್ಟು ದೊಡ್ಡದಾದ, ಒಳಗೆ ನೀರು ತುಂಬಿದ ಈ ಕೋಶಗಳು ಸೆಳೆತಕ್ಕೆ ಸಿಕ್ಕರೆ ಒಡೆದುಹೋಗುತ್ತವೆ. ಒಂದು ಹನಿ ತೆಗೆದು ಸೂಕ್ಷ್ಮದರ್ಶಕದ ಕೆಳಗಿಟ್ಟು ಕಣ್ಣು ಹಚ್ಚಿ. ಪಾರದರ್ಶಕ ಚೀಲದಂಥ ಕೋಶ, ಅದರೊಳಗೆ ಎಳೆಎಳೆಯಾಗಿ ಜೀವರಸ, ಆ ಎಳೆಗಳ ಉದ್ದಕ್ಕೂ ಕಣಗಳು ಹರಿಯುತ್ತಿವೆ, ನಿಲ್ಲುತ್ತಿವೆ, ಮತ್ತೆ ಹರಿಯುತ್ತಿವೆ. ಗಿಡದಿಂದ ಬೇರ್ಪಟ್ಟು ಎಷ್ಟೋ ತಲೆಮಾರು ದಾಟಿದ ಕೋಶ ಪೂರಾ ಜೀವಂತವಾಗಿದೆ. ಕಣ್ಣು ತೆಗೆಯಲು ಮನಸ್ಸಾಗುವುದಿಲ್ಲ.

ಆದರೆ ಹೊಟ್ಟೆ ತುಂಬಿದ ಈ ಕೋಶಗಳು ಖಾರದ ಗೋಜಿಗೆ ಹೋಗುವುದಿಲ್ಲ. ಫೀನೈಲ್ ಅಲನೈನ್ ಎಂಬ ಅಮೈನೋ ಆಮ್ಲ ಕೋಶದೊಳಗಿನ ಒಂದು ಕವಲುದಾರಿಯಲ್ಲಿ ನಿಂತಿದೆ. ಒಂದು ದಾರಿ ಪ್ರೋಟೀನಿಗೆ, ಅಂದರೆ ಬೆಳವಣಿಗೆಗೆ. ಇನ್ನೊಂದು ದಾರಿ ಸಿನಮಿಕ್ ಆಮ್ಲ, ಕೆಫೀಕ್ ಆಮ್ಲ, ಫೆರುಲಿಕ್ ಆಮ್ಲಗಳ ಮೆಟ್ಟಿಲು ಹತ್ತಿ ಖಾರದ ಕಡೆಗೆ. ಕೋಶ ಭರದಿಂದ ಒಡೆಯುತ್ತಿರುವಾಗ ಸರಕೆಲ್ಲ ಮೊದಲ ದಾರಿಗೇ ಹೋಗುತ್ತದೆ. ಬೆಳವಣಿಗೆ ನಿಧಾನವಾದಾಗ, ಸಾರಜನಕವೋ ರಂಜಕವೋ ಕಡಿಮೆಯಾದಾಗ, ಎರಡನೆಯ ದಾರಿ ತೆರೆಯುತ್ತದೆ. ಪರಿಮಳ, ಖಾರ, ಕಹಿ, ಬಣ್ಣ, ಮದ್ದು ಎಂದು ನಾವು ಗಿಡದಿಂದ ಪಡೆಯುವ ಬಹುಪಾಲು ವಸ್ತುಗಳು ಗಿಡದ ಕಷ್ಟಕಾಲದ, ಆತ್ಮರಕ್ಷಣೆಯ ವಸ್ತುಗಳು. ಹಾಗಾಗಿ ಇಲ್ಲಿ ಕೆಲಸ ಮಾಡುವವರು ಎರಡು ವಿದ್ಯೆ ಕಲಿಯಬೇಕು: ಕೋಶವನ್ನು ಉಣಿಸಿ ಬೆಳೆಸುವುದು, ಆಮೇಲೆ ಅಳತೆಯರಿತು ಉಪವಾಸ ಕೆಡವುವುದು.

ಉಪವಾಸದ ಮೇಜು ಪಕ್ಕದ ಕೋಣೆಯಲ್ಲಿದೆ. ಸೋಸಿದ ಕೋಶಗಳನ್ನು ಸೋಡಿಯಂ ಆಲ್ಜಿನೇಟ್ ದ್ರಾವಣದಲ್ಲಿ ಕಲಸಿದ್ದಾರೆ. ಸಮುದ್ರದ ಕಂದು ಪಾಚಿಯಿಂದ ತೆಗೆದ ಅಂಟು ಅದು. ಸಂಶೋಧಕಿ ಅದನ್ನು ಹನಿಹನಿಯಾಗಿ ಕ್ಯಾಲ್ಸಿಯಂ ಕ್ಲೋರೈಡ್ ನೀರಿಗೆ ಬಿಡುತ್ತಾರೆ. ಹನಿ ನೀರು ಮುಟ್ಟಿದೊಡನೆ ಗುಂಡಗಾಗಿ ಗಟ್ಟಿಯಾಗುತ್ತದೆ. ಬೀಕರಿನ ತಳದಲ್ಲಿ ತಿಳಿಹಳದಿ ಮಣಿಗಳು ಒಂದರ ಮೇಲೊಂದು ಕೂರುತ್ತವೆ. ಒಂದು ಮಣಿಯನ್ನು ಬೆರಳ ನಡುವೆ ಒತ್ತಿ ನೋಡಿ, ಮೆತ್ತಗಿದೆ, ಆದರೆ ಒಡೆಯುವುದಿಲ್ಲ. ಒಳಗೆ ಸಾವಿರಾರು ಕೋಶಗಳು ಅಕ್ಕಪಕ್ಕ ಒತ್ತಿಕೊಂಡು ಬಂಧಿಯಾಗಿವೆ. ಆಹಾರ ನಿಧಾನವಾಗಿ ಒಳಗೆ ಇಳಿಯುತ್ತದೆ, ಬೆಳವಣಿಗೆಯ ವೇಗ ತಗ್ಗುತ್ತದೆ, ಕೋಶಕ್ಕೆ ಕೋಶ ತಾಗಿ ಅಂಗಾಂಶದೊಳಗೆ ಇರುವಂಥ ಸ್ಥಿತಿ ಮರಳುತ್ತದೆ. ಕ್ಯಾಪ್ಸೈಸಿನ್ ಕೋಶದಿಂದ ಸುತ್ತಲ ದ್ರವಕ್ಕೆ ಬರುವುದರಿಂದ ದ್ರವವನ್ನಷ್ಟೇ ಬಸಿದುಕೊಂಡು, ಅದೇ ಮಣಿಗಳನ್ನು ಮತ್ತೆ ದುಡಿಸಬಹುದು.

ಈ ಮೇಜಿಗೊಂದು ಚರಿತ್ರೆಯಿದೆ. 1983ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಯೋಮನ್ ಅವರ ತಂಡ ಇದೇ ಜಾತಿಯ ಮೆಣಸಿನ ಕೋಶಗಳನ್ನು ಪಾಲಿಯುರೆಥೇನ್ ಫೋಮಿನ ರಂಧ್ರಗಳಲ್ಲಿ ನೆಲೆಗೊಳಿಸಿತು. ತೇಲುವ ಕೋಶಗಳಿಗಿಂತ ನೆಲೆನಿಂತ ಕೋಶಗಳು ಬಹಳ ಹೆಚ್ಚು ಖಾರ ಕೊಟ್ಟವು. ಮೈಸೂರಿನಲ್ಲಿ 1950ರಿಂದ ಚೆಲುವಾಂಬ ಅರಮನೆಯಲ್ಲಿ ನೆಲೆಸಿರುವ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ, ಊರವರ ಬಾಯಲ್ಲಿ ಸಿಎಫ್‌ಟಿಆರ್‌ಐ, ಈ ಕೆಲಸವನ್ನು ನಮ್ಮ ನೆಲದಲ್ಲಿ ಕೈಗೆತ್ತಿಕೊಂಡಿತು. ಜಿ.ಎ. ರವಿಶಂಕರ್, ಎಲ್.ವಿ. ವೆಂಕಟರಾಮನ್ ಮತ್ತು ಸಂಗಡಿಗರು ಪೋಷಕಾಂಶದ ಕೊರತೆ ಮಣಿಯೊಳಗಿನ ಮೆಣಸಿನ ಕೋಶಗಳ ಮೇಲೆ ಮಾಡುವ ಪರಿಣಾಮವನ್ನು 1988ರಲ್ಲಿ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ವರದಿ ಮಾಡಿದರು. ಮುಂದಿನ ವರ್ಷಗಳಲ್ಲಿ ಶಿಲೀಂಧ್ರದ ಸಾರ ಹಾಕಿ, ರೋಗ ಬಂತೆಂದು ಕೋಶವನ್ನು ನಂಬಿಸಿ, ಅದರ ರಕ್ಷಣಾ ರಸಾಯನವನ್ನು ಎಬ್ಬಿಸುವ ಪ್ರಯೋಗಗಳೂ ನಡೆದವು.

ಈಗ ಇಡೀ ಕಥೆಯ ಅತಿ ಸೊಗಸಿನ ತಿರುವಿಗೆ ಬಂದಿದ್ದೀರಿ. ಸಂಶೋಧಕಿ ಮಣಿಗಳಿರುವ ಫ್ಲಾಸ್ಕಿಗೆ ಫೆರುಲಿಕ್ ಆಮ್ಲದ ದ್ರಾವಣವನ್ನು ಪಿಪೆಟ್ಟಿನಿಂದ ಇಳಿಸುತ್ತಾರೆ. ಖಾರದ ಮೆಟ್ಟಿಲುಗಳ ನಡುವಿನ ಒಂದು ಮೆಟ್ಟಿಲನ್ನು ಹೊರಗಿನಿಂದ ಕೊಟ್ಟರೆ ಕೋಶ ಮೇಲಿನದನ್ನು ಹತ್ತಿಕೊಳ್ಳುತ್ತದೆ. ಫೆರುಲಿಕ್ ಆಮ್ಲದ ಮುಂದಿನ ಮೆಟ್ಟಿಲು ಯಾವುದು ಗೊತ್ತೇ? ವೆನಿಲಿನ್. ಐಸ್‌ಕ್ರೀಮಿನ, ಬಿಸ್ಕತ್ತಿನ, ವೆನಿಲ್ಲಾ ಕೋಡಿನ ಘಮದ ಅದೇ ಅಣು. ಅದಕ್ಕೆ ಸಾರಜನಕ ಸೇರಿ ವೆನಿಲಿಲ್ ಅಮೈನ್ ಆಗಿ, ಇನ್ನೊಂದು ಕಡೆಯಿಂದ ಬಂದ ಕೊಬ್ಬಿನಾಮ್ಲದ ಬಾಲ ಅಂಟಿಕೊಂಡರೆ ಕ್ಯಾಪ್ಸೈಸಿನ್. ಮೆಣಸಿನಕಾಯಿ ಖಾರವಾಗುವ ಮೊದಲು ಒಂದು ಹೆಜ್ಜೆ ವೆನಿಲ್ಲಾದ ಅಂಗಳದಲ್ಲಿ ಇಟ್ಟು ಹೋಗುತ್ತದೆ. ಹಾಗಾದರೆ ಮೆಣಸಿನ ಕೋಶಗಳಿಂದ ವೆನಿಲ್ಲಾ ಘಮ ಪಡೆಯಬಹುದೇ? ಪಡೆಯಬಹುದು. ಕೆಫೀಕ್ ಆಮ್ಲ ಮತ್ತು ಅದರ ಹತ್ತಿರದ ಇನ್ನೊಂದು ವಸ್ತುವನ್ನು ಉಣಿಸಿ ಸೂಜಿ ಮೆಣಸಿನ ಕೋಶಗಳಿಂದ ವೆನಿಲಿನ್ ಮತ್ತು ಕ್ಯಾಪ್ಸೈಸಿನ್ ಎರಡನ್ನೂ ಪಡೆದುದನ್ನು ಎಸ್. ರಾಮಚಂದ್ರ ರಾವ್ ಮತ್ತು ರವಿಶಂಕರ್ 2000ದಲ್ಲಿ ಪ್ರಕಟಿಸಿದರು.

ಮೂಗು ಹತ್ತಿರ ತಂದರೂ ನಿಮಗೆ ಘಮ ಸಿಗುವುದಿಲ್ಲ, ಪ್ರಮಾಣ ಅಷ್ಟು ಕಡಿಮೆ. ಅದನ್ನು ಕಾಣಲು ದ್ರವದೊಳಗಿನ ಅಣುಗಳನ್ನು ಬೇರ್ಪಡಿಸಿ ತೋರಿಸುವ ಎಚ್‌ಪಿಎಲ್‌ಸಿ ಯಂತ್ರ ಬೇಕು. ಬಸಿದ ದ್ರವದ ಒಂದು ಚುಕ್ಕೆಯನ್ನು ಸೂಜಿಯಿಂದ ಒಳಗೆ ಬಿಡುತ್ತಾರೆ. ಪರದೆಯ ಮೇಲೆ ಗೆರೆ ನೆಲಕ್ಕೆ ಅಂಟಿಕೊಂಡು ಓಡುತ್ತಿದೆ. ಎಲ್ಲರೂ ಅದನ್ನೇ ನೋಡುತ್ತಿದ್ದಾರೆ. ಗೆರೆ ಸಣ್ಣಗೆ ಏಳುತ್ತದೆ. "ಅದು ವೆನಿಲಿನ್ನು." ಇಳಿಯುತ್ತದೆ, ಓಡುತ್ತದೆ, ಮತ್ತೊಮ್ಮೆ ಚೂಪಾಗಿ ಏಳುತ್ತದೆ. "ಇದು ನಮ್ಮ ಖಾರ." ಹೂ ಬಿಡದ, ಕಾಯಿ ಕಟ್ಟದ, ಬಿಸಿಲು ಕಾಣದ ಕೋಶಗಳು ಕಾಯಿಯ ಕೆಲಸವನ್ನು ಮಾಡಿ ತೋರಿಸಿವೆ.

ಕ್ಯಾಪ್ಸೈಸಿನ್ ಬರೀ ಸಾರಿನ ಖಾರವಲ್ಲ. ನಾಲಿಗೆಯ, ಚರ್ಮದ ನರತುದಿಗಳಲ್ಲಿ ಬಿಸಿಯನ್ನು ಗುರುತಿಸುವ ಗ್ರಾಹಕವೊಂದಕ್ಕೆ ಅದು ಹೋಗಿ ಕೂರುತ್ತದೆ. ಆ ಗ್ರಾಹಕವನ್ನು 1997ರಲ್ಲಿ ಗುರುತಿಸಿದ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಬಂತು. ಸರ್ಪಸುತ್ತು ವಾಸಿಯಾದ ಮೇಲೂ ಉಳಿಯುವ ನರನೋವಿಗೆ ಶೇ 8 ಕ್ಯಾಪ್ಸೈಸಿನ್ ಇರುವ ಪಟ್ಟಿ ಔಷಧವಾಗಿ ಬಳಕೆಯಲ್ಲಿದೆ. ಅಡುಗೆಮನೆಯಿಂದ ಆಸ್ಪತ್ರೆಗೆ ದೂರ ಬಹಳ ಇಲ್ಲ.

ಹಾಗಿದ್ದರೆ ಅಂಗಡಿಯ ಖಾರ ಯಾಕೆ ಫ್ಲಾಸ್ಕಿನಿಂದ ಬರುವುದಿಲ್ಲ ಎಂದು ನೀವು ಕೇಳುತ್ತೀರಿ. ಉತ್ತರ ಬ್ಯಾಡಗಿ ಮಾರುಕಟ್ಟೆಯಲ್ಲಿ ರಾಶಿ ಬಿದ್ದಿದೆ. ಮೆಣಸಿನ ಗಿಡ ಕೆಲವೇ ತಿಂಗಳಲ್ಲಿ ಬಿಸಿಲು, ಮಳೆ, ಗೊಬ್ಬರದಿಂದ ಕಾಯಿ ಕೊಡುತ್ತದೆ, ರೈತನ ಮನೆ ನಡೆಸುತ್ತದೆ. ಸಕ್ಕರೆ, ವಿದ್ಯುತ್ತು, ಹಬೆ, ಸೋಸಿದ ಗಾಳಿ ಎಲ್ಲವನ್ನೂ ಕೊಂಡು ಸಾಕುವ ಕೋಶ ಅದರ ಜೊತೆ ಬೆಲೆಯಲ್ಲಿ ಪೈಪೋಟಿ ಮಾಡಲಾರದು, ಮಾಡಲೂ ಬಾರದು. ಮೆಣಸು ನಮಗೆ ವಿದ್ಯೆ ಕಲಿಸಿದ ಗಿಡ. ಕಲಿತ ವಿದ್ಯೆಯನ್ನು ಬಳಸಬೇಕಾದದ್ದು ಬೇರೆ ಗಿಡಗಳಿಗೆ.

ಎಲ್ಲಿಗೆ ಎಂಬುದನ್ನು ಜಪಾನ್ ಮೊದಲು ತೋರಿಸಿತು. ಅಲ್ಲಿ ಮುರಸಾಕಿ ಎಂಬ ಗಿಡದ ಬೇರಿನಿಂದ ಶಿಕೋನಿನ್ ಎಂಬ ಕೆಂಪು ನೇರಳೆ ಬಣ್ಣ ತೆಗೆಯುತ್ತಿದ್ದರು, ಗಾಯಕ್ಕೆ ಹಚ್ಚುವ ಮದ್ದಾಗಿಯೂ ಬಳಸುತ್ತಿದ್ದರು. ಬೇರು ಬಲಿಯಲು ವರ್ಷಗಳು ಬೇಕು, ಬಲಿತರೂ ಅದರಲ್ಲಿ ಬಣ್ಣ ಶೇ 1–2 ಮಾತ್ರ. ಕ್ಯೋಟೋ ವಿಶ್ವವಿದ್ಯಾಲಯದ ಮಾಮೊರು ತಬಾತ, ಮಿತ್ಸುಯಿ ಪೆಟ್ರೋಕೆಮಿಕಲ್ ಕಂಪನಿಯ ಯಾಸುಹಿರೋ ಫುಜಿತಾ ಮುಂತಾದವರು ಕೋಶಗಳನ್ನು 200 ಲೀಟರಿನ ಒಂದು ತೊಟ್ಟಿಯಲ್ಲಿ ಬೆಳೆಸಿ, ಬೆಳೆದ ಮೇಲೆ 750 ಲೀಟರಿನ ಇನ್ನೊಂದಕ್ಕೆ ದಾಟಿಸಿದರು. ಎರಡನೆಯ ತೊಟ್ಟಿಯ ದ್ರವದಲ್ಲಿ ಅಮೋನಿಯಂ ಇಲ್ಲ, ತಾಮ್ರ ಹೆಚ್ಚು. ಅಮೋನಿಯಂ ಇದ್ದರೆ ಕೋಶ ಬಣ್ಣ ಕಟ್ಟುವುದಿಲ್ಲ ಎಂಬುದನ್ನು ಅವರು ತಾಳ್ಮೆಯಿಂದ ಕಂಡುಕೊಂಡಿದ್ದರು. ಮೂರು ವಾರಗಳ ಆಜುಬಾಜಿನಲ್ಲಿ ಬಣ್ಣ ಕೋಶಗಳ ಒಣತೂಕದ ಶೇ 20ರ ಹತ್ತಿರ ಮುಟ್ಟಿತು. 1983ರಲ್ಲಿ ಅದು ಕಾರ್ಖಾನೆಗೆ ಹೋಯಿತು, ಲಿಪ್‌ಸ್ಟಿಕ್ಕಿನ ಬಣ್ಣವಾಗಿ ಮಾರುಕಟ್ಟೆಗೂ ಬಂತು. ಬೆಳೆಸುವ ತೊಟ್ಟಿ ಬೇರೆ, ಬಣ್ಣ ಕಟ್ಟುವ ತೊಟ್ಟಿ ಬೇರೆ: ನೀವು ಮೈಸೂರಿನ ಮೇಜಿನ ಮೇಲೆ ಕಂಡದ್ದು ಅದೇ ತತ್ವ.

ಆಮೇಲಿನದು ಕ್ಯಾನ್ಸರ್ ಮದ್ದು ಪ್ಯಾಕ್ಲಿಟ್ಯಾಕ್ಸೆಲ್. 1992ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದಾಗ ಅದು ಬರುತ್ತಿದ್ದುದು ಪೆಸಿಫಿಕ್ ಯೂ ಮರದ ತೊಗಟೆಯಿಂದ. ಬಹಳ ನಿಧಾನವಾಗಿ ಬೆಳೆಯುವ ಆ ಮರ ತೊಗಟೆ ಸುಲಿದರೆ ಸಾಯುತ್ತದೆ. ಇವತ್ತು ಜರ್ಮನಿಯಲ್ಲಿ 75,000 ಲೀಟರ್‌ವರೆಗಿನ ತೊಟ್ಟಿಗಳಲ್ಲಿ ಯೂ ಕೋಶಗಳು ಆ ಔಷಧವನ್ನು ಮಾಡುತ್ತವೆ. ಅದಕ್ಕಾಗಿ ಮರ ಕಡಿಯಬೇಕಾಗಿಲ್ಲ.

ಎಲ್ಲ ಗಿಡಗಳೂ ಹೀಗೆ ಒಲಿಯುವುದಿಲ್ಲ. ನಮ್ಮ ಅಂಗಳದ ನಿತ್ಯಪುಷ್ಪದಲ್ಲಿ ವಿನ್‌ಬ್ಲಾಸ್ಟಿನ್ ಎಂಬ ಕ್ಯಾನ್ಸರ್ ಮದ್ದಿದೆ. ಅದು ಎರಡು ಅಣುಗಳು ಕೂಡಿ ಆಗುವ ದೊಡ್ಡ ಅಣು. ಒಂದನ್ನು ತೇಲುವ ಕೋಶಗಳು ಮಾಡಿಕೊಡುತ್ತವೆ. ಇನ್ನೊಂದಾದ ವಿಂಡೋಲಿನ್ ಪೂರ್ಣವಾಗಲು ಎಲೆಯೊಳಗಿನ ವಿಶೇಷ ಕೋಶಗಳೇ ಬೇಕು. ಎಲೆಯ ರಚನೆ ಕಳಚಿದ ಕೋಶ ಅರ್ಧ ದಾರಿಗೆ ನಿಲ್ಲುತ್ತದೆ. ಇಂಥ ಕಡೆ ಬಿಡಿ ಕೋಶದ ಬದಲು ಬೇರನ್ನೋ ಚಿಗುರನ್ನೋ ಇಡಿಯಾಗಿ ಬಾಟಲಿಯಲ್ಲಿ ಬೆಳೆಸಬೇಕಾಗುತ್ತದೆ. ಯಾವ ಗಿಡ ಯಾವ ದಾರಿಗೆ ಒಲಿಯುತ್ತದೆ ಎಂಬುದನ್ನು ಒಂದೊಂದಾಗಿ ಅದರ ಬಳಿ ಕೂತೇ ತಿಳಿಯಬೇಕು.

ಕೊನೆಯ ಕಪಾಟಿನ ಮುಂದೆ ನಿಲ್ಲಿ. ಬಾಟಲಿಗಳೊಳಗೆ ಮಣ್ಣಿಲ್ಲದೆ, ಎಲೆಯಿಲ್ಲದೆ, ಬೆಳ್ಳನೆಯ ಬೇರುಗಳು ಜಡೆಗಟ್ಟಿ ಬೆಳೆಯುತ್ತಿವೆ. ಇವು ಮಾಗಳಿ ಬೇರು. ಹಳೆ ಮೈಸೂರಿನ ಮನೆಗಳಲ್ಲಿ ಸಿಪ್ಪೆ ಹೆರೆದು, ನಡುವಿನ ನಾರು ತೆಗೆದು, ಮೊಸರಲ್ಲಿ ಹಾಕುವ ಉಪ್ಪಿನಕಾಯಿ ಗೊತ್ತಿದ್ದವರಿಗೆ ಆ ವಾಸನೆ ಮೂಗಿನಲ್ಲೇ ಇರುತ್ತದೆ. ಕೆಲವರು ತಿಗಣೆ ವಾಸನೆ ಎಂದು ದೂರ ಸರಿಯುತ್ತಾರೆ, ಇಷ್ಟಪಟ್ಟವರು ಜನ್ಮವಿಡೀ ಬಿಡುವುದಿಲ್ಲ. ಆ ವಾಸನೆಯ ಮುಖ್ಯ ಅಣು ವೆನಿಲಿನ್‌ನ ಸೋದರ. ಅದೇ ಪರಮಾಣುಗಳು, ಅಷ್ಟೇ ಸಂಖ್ಯೆ, ಉಂಗುರದ ಮೇಲೆ ಕೂತ ಜಾಗ ಮಾತ್ರ ಬೇರೆ. ದಕ್ಷಿಣ ಭಾರತದ ಕಲ್ಲುಬೆಟ್ಟಗಳಲ್ಲಲ್ಲದೆ ಈ ಬಳ್ಳಿ ಜಗತ್ತಿನ ಬೇರೆಲ್ಲೂ ಸಹಜವಾಗಿ ಬೆಳೆಯುವುದಿಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಇದನ್ನು ಮಾಕಳಿ ಬೇರೆಂದು ತಲೆಮಾರುಗಳಿಂದ ಬಲ್ಲರು. ಉಪ್ಪಿನಕಾಯಿಗೂ ನನ್ನಾರಿ ಶರಬತ್ತಿಗೂ ಮದ್ದಿಗೂ ಬೇಡಿಕೆ ಹೆಚ್ಚಿದಂತೆ ಬುಡಸಮೇತ ಅಗೆಯುವವರೂ ಹೆಚ್ಚಿದರು, ಬಳ್ಳಿ ಅಪಾಯದಂಚಿನ ಸಸ್ಯಗಳ ಪಟ್ಟಿಗೆ ಸೇರಿತು. ಕಾಯಿ ಕಿತ್ತರೆ ಮೆಣಸಿನ ಗಿಡ ಉಳಿಯುತ್ತದೆ. ಬೇರು ಪೂರ್ತಿ ಕಿತ್ತರೆ ಬಳ್ಳಿ ಅಲ್ಲಿಗೆ ಮುಗಿಯುತ್ತದೆ. ಮೈಸೂರಿನ ಸಂಶೋಧಕರು ಇದರ ಸಸಿಗಳನ್ನು ಅಂಗಾಂಶ ಕೃಷಿಯಿಂದ ಬೆಳೆಸುವ ವಿಧಾನ ರೂಪಿಸಿದ್ದಾರೆ. ಬಾಟಲಿಯಲ್ಲಿ ಬೆಳೆಸಿದ ಬೇರುಗಳು ಅದೇ ಪರಿಮಳದ ಅಣುವನ್ನು ಮಾಡುತ್ತವೆ ಎಂಬುದನ್ನು 2005ರಲ್ಲಿ ಪ್ರಕಟಿಸಿದ್ದಾರೆ.

ಕೋಟು ಬಿಚ್ಚುವ ಮುನ್ನ ಇಲ್ಲಿ ಕಂಡದ್ದನ್ನೆಲ್ಲ ಸೇರಿಸಿ ಒಂದು ನಿರ್ಧಾರಕ್ಕೆ ಬರಬಹುದು. ಯಾವ ಗಿಡದ ಕೊಯ್ಲು ಆ ಗಿಡದ ಸಾವೋ, ಅಲ್ಲಿ ಈ ವಿದ್ಯೆಗೆ ಮೊದಲ ಹಕ್ಕು. ಮಾಗಳಿಗೆ, ಸರ್ಪಗಂಧಿಗೆ, ಕ್ಯಾಂಪ್ಟೊಥೆಸಿನ್ ಎಂಬ ಕ್ಯಾನ್ಸರ್ ಮದ್ದಿನ ಮೂಲಕ್ಕಾಗಿ ಕೊಡಲಿಗೆ ಬಿದ್ದ ಪಶ್ಚಿಮಘಟ್ಟದ ದುರ್ವಾಸನೆ ಮರಕ್ಕೆ ನಮ್ಮ ಹಣ, ನಮ್ಮ ವಿದ್ಯಾರ್ಥಿಗಳ ವರ್ಷಗಳು ಮೊದಲು ಸಲ್ಲಬೇಕು. ರೈತ ಬೆಳೆಯಬಲ್ಲದ್ದನ್ನು ರೈತನಿಗೇ ಬಿಡಬೇಕು. ಬೆಟ್ಟದಿಂದ ಬಂದ ಕೋಶ ತೊಟ್ಟಿಯಲ್ಲಿ ಲಾಭ ತಂದರೆ, ಆ ಬಳ್ಳಿಯನ್ನು ಇಷ್ಟು ಕಾಲ ಗುರುತಿಟ್ಟು ಕಾಪಾಡಿದವರಿಗೆ ಅದರಲ್ಲಿ ಪಾಲು ಸಲ್ಲಬೇಕು. 2002ರ ಜೀವವೈವಿಧ್ಯ ಕಾಯ್ದೆ ಲಾಭ ಹಂಚಿಕೆಗೆ ದಾರಿ ಮಾಡಿಕೊಟ್ಟಿದೆ, ಅದನ್ನು ನಡೆಸುವ ಮನಸ್ಸು ಬೇಕು. ಬಾಟಲಿಯೊಳಗಿನ ಬೇರು ಬೆಟ್ಟದ ಬೇರಿಗೆ ಬದಲಿಯಲ್ಲ. ಬೆಟ್ಟದ ಬಳ್ಳಿ ಬೀಜ ಕಟ್ಟಿ ಮತ್ತೆ ಹಬ್ಬುವಷ್ಟು ವರ್ಷ ಅದನ್ನು ನಮ್ಮ ಹಾರೆಯಿಂದ ದೂರ ಇಡಬಲ್ಲದ್ದು ಅದು, ಮತ್ತು ಅಷ್ಟು ಮಾಡಿದರೆ ಈ ಕೋಣೆಗಳ ದುಡಿಮೆ ಸಾರ್ಥಕ.